ಸ್ಪೇಸ್ ಬಾರಿನ ಎಡ ತುದಿ

ನನ್ನ ಹಲ್ಲಿನ ಡಾಕ್ಟರಮ್ಮನಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಬೈಗುಳ ಕೆಳಗಿದೆ, ಸಾವಕಾಶವಾಗಿ ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಅದಕ್ಕೊಂದು ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಫೋನೂ ಮಾಡಿದ್ದೆ ತಾಯಿ, ನಿನ್ನೆ ಸಂಜೆ. ನಾನು ಒಂದು ಮಾತು ಆಡುವಷ್ಟರಲ್ಲಿ ಆ ಕಡೆಯಿಂದ ಟಕಟಕ ಶುರುವಾಯಿತು. ಏನು ಬರೀತಿದೀಯ ಅಂದರೆ, "ಏನೂ ಇಲ್ಲಮ್ಮ, ಕೀಬೋರ್ಡಿಗೆ ಹೊಸ ಸ್ಪ್ರಿಂಗ್ ಹಾಕಿದೀನಿ, ಸುಮ್ನೆ ಹೊಡೆದು ನೋಡ್ತಿದೀನಿ, ನೀನು ಹೇಳು" ಅಂದೆ. ಸುಮ್ಮನೆ ಹೊಡೆಯುವುದಂತೆ! ಮಾತಾಡುವಾಗ ಜನ ತಲೆ ಕೆರೆದುಕೊಳ್ಳುತ್ತಾರೆ, ಉಗುರು ಕಚ್ಚುತ್ತಾರೆ. ನನ್ನ ಮಗಳು ಏನನ್ನೂ ಬರೆಯದೆ ಟೈಪ್ ಮಾಡುತ್ತಾಳೆ. ಆ ಗದ್ದಲದಲ್ಲಿ ನಾನು ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಅದೂ ಕೈಯಲ್ಲಿ ಬರೆದದ್ದು, ಯಾಕೆಂದರೆ ಈ ಜನ್ಮಕ್ಕೆ ಸಾಕಾಗುವಷ್ಟು ಟೈಪ್ ಮಾಡಿ ಮುಗಿಸಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಅರ್ಧಕ್ಕೆ ಎದ್ದು ಹೋದರೂ ನಷ್ಟವಾಗಬಾರದು. ನನ್ನ ಹಳೆಯ ಕೀಬೋರ್ಡಿನ ಆ ಸ್ಪೇಸ್ ಬಾರನ್ನು ಮುಟ್ಟಬೇಡ. ಶನಿವಾರ ಕ್ಲಿನಿಕ್ ಮುಗಿಸಿ ಅದರ ಎಡ ತುದಿಯ ಗುಳಿಗೆ ಫಿಲ್ಲಿಂಗ್ ಹಾಕುತ್ತೇನೆ ಅಂದೆಯಲ್ಲ, ಹಾಕಬೇಡ. ಹುಳುಕು ಹಲ್ಲಿಗೆ ತುಂಬುವ ಅದೇ ಪೇಸ್ಟು, ನೀಲಿ ಲೈಟು ಹಿಡಿದರೆ ಕಲ್ಲಿನ ಹಾಗೆ ಗಟ್ಟಿ, ಪಾಲಿಶ್ ಮಾಡಿದರೆ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ ಎಂದು ಬಹಳ ಹೆಮ್ಮೆಯಿಂದ ಹೇಳಿದೆ. ಹೆತ್ತ ತಾಯಿಗೆ ಗೊತ್ತಾಗಬೇಕು. ಅದಕ್ಕೇ ಬೇಡ ಅನ್ನುತ್ತಿದ್ದೇನೆ. ಯಾಕೆ ಅನ್ನುವುದನ್ನು ಹೇಳುತ್ತೇನೆ, ಆದರೆ ನನ್ನ ಸಿಟ್ಟು ಸ್ವಲ್ಪ ಇಳಿಯಬೇಕು. ಅದು ಬರೆದರೇ ಇಳಿಯುವುದು.

ನಿನಗೆ ಈ ಹುಚ್ಚು ಯಾವಾಗ ಹತ್ತಿತೋ ನನಗೆ ಇಂದಿಗೂ ತಿಳಿಯದು. ಬೇರೆಯವರ ಮಕ್ಕಳು ಬೆಕ್ಕು ಸಾಕುತ್ತಾರೆ, ಹೂವಿನ ಕುಂಡ ಇಡುತ್ತಾರೆ. ನಿನ್ನ ಮನೆಗೆ ಬಂದು ಕೂರಲು ಹೋದರೆ, "ಅಲ್ಲಿ ಬೇಡಮ್ಮ, ಅದು ಈಗ ಸಿಗೋದೇ ಇಲ್ಲ" ಎಂದು ಕುರ್ಚಿಯ ಮೇಲಿನ ಕೀಬೋರ್ಡನ್ನು ಎದೆಗವಚಿಕೊಂಡು ಎತ್ತುತ್ತೀಯ. ಸಣ್ಣ ಕುಂಚ ಹಿಡಿದು ಒಂದೊಂದೇ ಸ್ಪ್ರಿಂಗಿಗೆ ಗ್ರೀಸ್ ಹಚ್ಚುತ್ತ ಇಡೀ ಭಾನುವಾರ ಕಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ನಾನು ಮಂಡಿಗೆ ಸ್ವಲ್ಪ ಎಣ್ಣೆ ಹಚ್ಚು ಅಂದರೆ ಪುರುಸೊತ್ತಿಲ್ಲ. ಹಲ್ಲಿನ ಸೆಟ್ ತೊಳೆಯುವ ಮಾತ್ರೆಯನ್ನು ನೀರಿಗೆ ಹಾಕಿ ಅದರಲ್ಲಿ ಕೀಗಳನ್ನು ನೆನೆಸಿಡುತ್ತೀಯ. ತನ್ನ ಸೆಟ್ ಕೇಳಿದ ತಾತನಿಗೆ ನಿನ್ನ ನರ್ಸ್ ಆ ಬಟ್ಟಲನ್ನೇ ತಂದುಕೊಟ್ಟಳಂತಲ್ಲ, ಅವರು ಒಳಗೆ ಇಣುಕಿ, "ಇಷ್ಟು ಹಲ್ಲು ನಂಗೆ ಯಾವತ್ತೂ ಇರ್ಲಿಲ್ಲಮ್ಮ" ಅಂದರಂತೆ. ನೀನು ಅದನ್ನು ಹೇಳಿಕೊಂಡು ನಗುತ್ತೀಯ. ನಾನು ಆ ತಾತನ ಜಾಗದಲ್ಲಿದ್ದಿದ್ದರೆ ಬೇರೆ ಡಾಕ್ಟರನ್ನು ಹುಡುಕುತ್ತಿದ್ದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅದನ್ನೆಲ್ಲ ಸಹಿಸಿದೆ. ಫೋನಿನಲ್ಲಿ ಒಂದಾದ ಮೇಲೊಂದು ಟಕಟಕ ಕೇಳಿಸಿ, "ಇದು ಇಷ್ಟ ಆಯ್ತಾ, ಅದಾ? ಇದ್ರಲ್ಲಿ ಸ್ವಲ್ಪ ದಪ್ಪ ಸ್ವರ ಇದೆ, ಗಮನಿಸಿದ್ಯಾ?" ಎಂದು ನೀನು ಕೇಳುತ್ತಿದ್ದಾಗಲೂ ಕಿನ್ನರಿಯ ಮುಂದಿನ ಕೋಣನ ಹಾಗೆ ಹೂಂ ಹೂಂ ಅನ್ನುತ್ತ ಕೂತಿದ್ದೆ. ಆದರೆ ಒಂದು ಮಾತು ಕೇಳು. ನಾನು ಕರೆಂಟು ಕಚೇರಿಯ ಆ ಟೈಪಿಂಗ್ ಹಾಲ್‌ನಲ್ಲಿ ಕೆಲಸ ಮಾಡುತ್ತಿದ್ದಷ್ಟು ವರ್ಷವೂ ಮನೆಗೆ ಬಂದರೆ ಚಮಚ ತಟ್ಟೆಗೆ ತಾಗಿದ ಸದ್ದಿಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ನೀನು ಪಾಠ ಓದುತ್ತ ಮೇಜಿನ ಮೇಲೆ ಬೆರಳು ಕುಟ್ಟಿದರೆ ಒಳಗಿಂದಲೇ ಗದರುತ್ತಿದ್ದೆ. ನಾನು ಸಂಬಳ ತಗೊಂಡು ಸಹಿಸಿದ ಶಬ್ದವನ್ನು ನೀನು ಕೈಯಿಂದ ದುಡ್ಡು ಕೊಟ್ಟು ಮನೆಗೆ ತರುತ್ತೀಯ. ತಂದು, "ಕೇಳಿದ್ರೆ ಮನಸ್ಸಿಗೆ ಎಷ್ಟು ನೆಮ್ಮದಿ ಅಲ್ವಾ ಅಮ್ಮ" ಅನ್ನುತ್ತೀಯ.

ಅಷ್ಟಕ್ಕೇ ನಿಂತಿದ್ದರೆ ಪರವಾಗಿಲ್ಲ. ಗುಜರಿ ಅಂಗಡಿಯ ಮೂಲೆಯಿಂದ ನನ್ನ ಹಾಲ್‌ನ ಟರ್ಮಿನಲ್ಲನ್ನೇ ಅಗೆದು ತೆಗೆದೆ. ಟಿ.ವಿ. ಹಾಗಿರುವ ಆ ಭಾರದ ಪೆಟ್ಟಿಗೆ, ಅದರ ಮುಂದಿನ ಆ ಕೀಬೋರ್ಡು. ಕೀಬೋರ್ಡನ್ನು ಮಗುಚಿ ಹಿಡಿದು, ಕೆಳಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ಸಾಲಿನ ನಂಬರು, ಸೀಟಿನ ನಂಬರು ತೋರಿಸಿ, "ಅಮ್ಮಾ, ಇದು ನಿಂದಲ್ವಾ?" ಅಂದಾಗ ನನಗೆ ಎದೆ ಝಲ್ ಅಂದದ್ದು ನಿಜ. ನೀನು ಅದನ್ನು ಸಂತೋಷ ಅಂದುಕೊಂಡೆ. ಬಿಟ್ಟು ಬಂದ ಬಾಡಿಗೆ ಮನೆಯ ಯಜಮಾನ ಬಾಗಿಲು ತಟ್ಟಿದರೆ ಆಗುವುದೂ ಅದೇ ಝಲ್.

ಆಮೇಲೆ ಶುರುವಾಯಿತು ನನ್ನ ಮನೆಯ ತಾರಸಿಯ ಪಾಡು. ಹಳದಿ ತಿರುಗಿದ ಪ್ಲಾಸ್ಟಿಕ್ಕಿಗೆ ಹಲ್ಲು ಬೆಳ್ಳಗೆ ಮಾಡುವ ನಿನ್ನ ಔಷಧಿ ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗೆ ಇಟ್ಟೆ. ನಿನಗೆ ಕ್ಲಿನಿಕ್ಕು, ಆದ್ದರಿಂದ ಅದನ್ನು ಆಗಾಗ ತಿರುಗಿಸುವ ಕೆಲಸ ನನಗೆ. ಮಂಡಿ ನೋವಿನ ಹೆಂಗಸು ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಒಂದು ಡಬ್ಬಕ್ಕೆ ಬಿಸಿಲು ಕಾಯಿಸಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ಏನು ಒಣಗಿಸ್ತಿದೀರಿ ಎಂದು ಕೇಳಿದರು. ನನ್ನ ಹಳೆಯ ಕೆಲಸ ಅಂದೆ. ಅವರು ಮತ್ತೆ ಮಾತಾಡಿಸಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂತು ನಿನ್ನ ಬೋರ್ಡು. ಭಾನುವಾರ ಲೈಬ್ರರಿಯ ದೊಡ್ಡ ಕೋಣೆಯಲ್ಲಿ ನೀವು ಹಳೆ ಕಂಪ್ಯೂಟರ್ ಹುಚ್ಚಿನವರೆಲ್ಲ ಸೇರಿ ಪ್ರದರ್ಶನ ಇಡುತ್ತೀರಿ, ನಾನು ಬಂದು ಎಲ್ಲರೆದುರಿಗೆ ನನ್ನ ಹಳೆಯ ಸೀಟಿನಲ್ಲಿ ಕೂತು ಟೈಪ್ ಮಾಡಬೇಕು, ಯಂತ್ರದ ಪಕ್ಕ ಈ ಬೋರ್ಡು ಇರುತ್ತದೆ, "ಒಂದ್ಸಲ ಓದಿ ತಪ್ಪಿದ್ರೆ ಹೇಳಮ್ಮ" ಎಂದು ಫೋಟೋ ಸಮೇತ ಕಳಿಸಿದೆ. ಓದಿದೆ. ತಪ್ಪಿದೆ. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ: "ಈ ಯಂತ್ರವನ್ನು ಬಳಸುತ್ತಿದ್ದವರು ಸ್ಪೇಸ್ ಬಾರನ್ನು ಎಡ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಎಡ ತುದಿಯಲ್ಲಿದ್ದ ಆಳವಾದ ಸವೆತವನ್ನು ಪ್ರದರ್ಶನಕ್ಕಾಗಿ ಸರಿಪಡಿಸಲಾಗಿದೆ."

ಎಡ ಹೆಬ್ಬೆರಳು. ಯಾರದು? ನನ್ನದಾ?

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅನ್ನುತ್ತಾರೆ. ನೀನು ಭೂತಗನ್ನಡಿ ಇಟ್ಟುಕೊಂಡು ಒಂದೊಂದು ಕೀಯ ಸವೆತವನ್ನೂ ಅಳೆದೆ, "ಹಲ್ಲು ಸವೆದಿರೋದು ನೋಡಿ ಯಾವ ಕಡೆ ಅಗೀತಾರೆ ಅಂತ ಹೇಳಲ್ವಾ, ಇದೂ ಹಾಗೇ" ಅಂದೆ. ನಿನ್ನ ಅಮ್ಮನ ಎಡ ಹೆಬ್ಬೆರಳು ಮಡಚುವುದಿಲ್ಲ ಅನ್ನುವುದು ಮಾತ್ರ ನಿನಗೆ ನೆನಪಾಗಲಿಲ್ಲ. ನಾನು ಸಣ್ಣವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿದ್ದು. ಅದೇ ಕೋಲಿನಂಥ ಬೆರಳು ಎತ್ತಿಕೊಂಡು ನಿನಗೆ ಜಡೆ ಹಾಕಿದ್ದೇನೆ, ಅದು ತಲೆಗೆ ಚುಚ್ಚುತ್ತದೆ ಎಂದು ನೀನು ಅತ್ತು ರಂಪ ಮಾಡಿದ್ದೀಯ. ಆ ಬೆರಳಿನಿಂದ ಸ್ಪೇಸ್ ಬಾರನ್ನು ಮೆಲ್ಲಗೆ ಮುಟ್ಟಲೂ ಆಗುತ್ತಿರಲಿಲ್ಲ, ಗುಳಿ ಬೀಳಿಸುವ ಮಾತು ಹಾಗಿರಲಿ. ನಾನು ಹೊಡೆಯುತ್ತಿದ್ದದ್ದು ಬಲ ಹೆಬ್ಬೆರಳಲ್ಲಿ, ನಡುವಿನಿಂದ ಸ್ವಲ್ಪ ಬಲಕ್ಕೆ. ಅಲ್ಲೂ ಬಾರು ನುಣುಪಾಗಿ ಹೊಳೆಯುತ್ತಿದೆ, ನಿನ್ನ ಫೋಟೋದಲ್ಲೇ ಕಾಣುತ್ತದೆ. ಆದರೆ ಅದು ಬರೀ ಹೊಳಪು. ಎಡ ತುದಿಯಲ್ಲಿರುವುದು ಗುಳಿ. ಇಡೀ ಜೀವಮಾನ ಹೊಡೆದ ನಾನು ಹೊಳಪು ಮಾಡಿದೆ, ಗುಳಿ ಮಾಡಿದ್ದು ಯಾರು?

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎಡ ತುದಿ ಅಂದರೆ ತೀರಾ ತುದಿ, ಆ ಸೀಟಿನಲ್ಲಿ ಕೂತವರು ಬೇಕೆಂದರೂ ಅಷ್ಟು ದೂರ ಹೆಬ್ಬೆರಳು ಇಡುವುದಿಲ್ಲ. ಪಕ್ಕದ ಸೀಟಿನವರ ಕೈಗೆ ಎಟಕುವುದು ಮಾತ್ರ ಅದೊಂದೇ ಜಾಗ. ಅಷ್ಟು ಹೊತ್ತಿಗೆ ನನಗೆ ತಿಳಿಯಿತು.

ಆ ಹಾಲ್‌ನ ಬಗ್ಗೆ ನಿನಗೆ ನಾನು ಜಾಸ್ತಿ ಹೇಳಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದ ಉದ್ದನೆಯ ಕೋಣೆ, ಸಾಲು ಸಾಲು ಟರ್ಮಿನಲ್ಲು, ಹಸಿರು ಅಕ್ಷರ. ಊರಿನ ಎಲ್ಲ ಮನೆಗಳ ಕರೆಂಟು ಮೀಟರಿನ ಅಂಕಿಗಳನ್ನು ನಾವು ಹೆಂಗಸರು ಕಂಪ್ಯೂಟರಿಗೆ ಹೊಡೆಯುತ್ತಿದ್ದೆವು, ಅಂಕಿಯ ಕೆಲಸಕ್ಕೆ ಸ್ಪೇಸ್ ಬೇಕಾಗುತ್ತಿದ್ದದ್ದು ಅಪರೂಪ. ತುದಿಯಲ್ಲಿ ಗಾಜಿನ ಕೋಣೆ, ಅದರೊಳಗೆ ನಮ್ಮ ಮೇಲ್ವಿಚಾರಕರು. ಅವರಿಗೆ ನಾವಿಟ್ಟ ಹೆಸರು ಕಿವಿ. ಯಾರು ಎಷ್ಟು ಕೆಲಸ ಮಾಡಿದರು ಅನ್ನುವ ಲೆಕ್ಕ ಮರುದಿನ ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತಿತ್ತು, ಆದರೆ ಅಲ್ಲಿಯವರೆಗೆ ತಾಳುವ ಜೀವ ಅವರದಲ್ಲ. ಅವರು ಶಬ್ದ ಕೇಳುತ್ತ ಕೂರುತ್ತಿದ್ದರು. ಅಷ್ಟು ಜನರ ಗದ್ದಲದಲ್ಲಿ ಒಂದು ಸೀಟು ಸುಮ್ಮನಾದರೆ ತಲೆ ಎತ್ತುತ್ತಿದ್ದರು. ಊಟದ ಹೊತ್ತು ಬಿಟ್ಟರೆ ಸೀಟಿನಿಂದ ಏಳುವಂತಿಲ್ಲ. ಎದ್ದು ಸಿಕ್ಕಿಬಿದ್ದ ಇಬ್ಬರನ್ನು ಅದೇ ವಾರ ಮನೆಗೆ ಕಳಿಸಿದ್ದನ್ನು ನಾವೆಲ್ಲ ನೋಡಿದ್ದೆವು. ನಮ್ಮದಿನ್ನೂ ಖಾಯಂ ಆಗದ ಕೆಲಸ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ಅದಕ್ಕೆ ಶಬ್ದ ಕೊಡುವುದು ಅನ್ನುತ್ತಿದ್ದೆವು. ಏಳಲೇಬೇಕಾದವಳು ಪಕ್ಕದವಳಿಗೆ ಮೆಲ್ಲಗೆ "ಸ್ವಲ್ಪ ಶಬ್ದ ಕೊಡೇ" ಅಂದು ಬಗ್ಗಿಕೊಂಡು ಜಾರುವುದು. ಪಕ್ಕದವಳು ಒಂದು ಕೈಯಲ್ಲಿ ತನ್ನ ಕೆಲಸ ಮಾಡುತ್ತ, ಇನ್ನೊಂದು ಕೈ ಚಾಚಿ ಖಾಲಿ ಸೀಟಿನ ಸ್ಪೇಸ್ ಬಾರನ್ನು ಹೊಡೆಯುತ್ತಿರುವುದು. ಬೇರೆ ಕೀ ಹೊಡೆದರೆ ಅಕ್ಷರ ಬಿದ್ದು ಕೆಲಸ ಕೆಡುತ್ತದೆ. ಸ್ಪೇಸ್ ಹೊಡೆದರೆ ಏನೂ ಬೀಳುವುದಿಲ್ಲ, ಶಬ್ದ ಒಂದೇ. ಕೆಲಸಕ್ಕೆ ಬಾರದ ಶಬ್ದಕ್ಕೆ ಅಲ್ಲಿ ಬೆಲೆ ಇತ್ತು ನೋಡು. ಈಗ ನಿನ್ನ ಮನೆಯಲ್ಲೂ ಇದೆ.

ನನ್ನ ಎಡಕ್ಕೆ ಕೂರುತ್ತಿದ್ದವಳು ನಿನ್ನ ಗಡಿಬಿಡಿ ಚಿಕ್ಕಮ್ಮ. ನಮ್ಮ ಬೀದಿ ದಾಟಿದರೆ ಆಚೆ ಬೀದಿಯಲ್ಲಿ ಈಗ ಒಬ್ಬಳೇ ಇರುವ, ಕಿವಿಯ ಮಿಷನ್ನು ಕೊಡಿಸಿದರೆ ಅದನ್ನು ಸಕ್ಕರೆ ಡಬ್ಬದ ಪಕ್ಕ ಇಟ್ಟು ಮರೆಯುವ, ಬಾಟಲಿಯ ಮುಚ್ಚಳ ತೆಗೆಯಲಾರದೆ ದಿನಕ್ಕೊಂದು ಸಲ ನನ್ನ ಮನೆಗೆ ಬಂದು "ಇದೊಂದು ತೆಗೆದುಕೊಡೇ" ಅನ್ನುವ ಅವಳೇ. ಹಾಲ್‌ನಲ್ಲಿ ಅವಳಷ್ಟು ಬೇಗ ಹೊಡೆಯುವವರು ಇರಲಿಲ್ಲ, ಗಡಿಬಿಡಿ ಅನ್ನುವ ಹೆಸರು ಆಗ ಬಂದದ್ದು.

ನೀನು ಹುಟ್ಟಿ ನನ್ನ ರಜೆ ಮುಗಿದಾಗ ನಿನಗಿನ್ನೂ ಕುತ್ತಿಗೆ ನಿಂತಿರಲಿಲ್ಲ. ನಿಮ್ಮಪ್ಪನ ಲಾರಿ ಯಾವ ಊರಲ್ಲಿದೆ ಅನ್ನುವುದು ಅವರಿಗೇ ಗೊತ್ತಿಲ್ಲದ ದಿನಗಳು. ಅಜ್ಜಿ ನಿನ್ನನ್ನು ಎತ್ತಿಕೊಂಡು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೊಂದು ಸಲ ಹಾಲ್‌ನ ಹಿಂದಿನ ಗೇಟಿಗೆ ಬರುತ್ತಿದ್ದರು. ನಾನು ಹಿಂದಿನ ಮೆಟ್ಟಿಲಿನಿಂದ ಇಳಿದು, ಹಳೆ ಕಾಗದ ತುಂಬಿಡುತ್ತಿದ್ದ ಸಣ್ಣ ಕೋಣೆಯಲ್ಲಿ ಕೂತು ನಿನಗೆ ಹಾಲು ಕೊಡುತ್ತಿದ್ದೆ. ಗೋಡೆಯ ಆಚೆ ಹಾಲ್‌ನ ಗದ್ದಲ. ನೀನು ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತಿದ್ದೆ. ಮನೆಯಲ್ಲಿ ಕೆಮ್ಮಿದರೆ ಎದ್ದು ಕಿರುಚುವ ಮಗು, ಅಲ್ಲಿ ಆ ಟಕಟಕಕ್ಕೆ ಕಣ್ಣು ಮುಚ್ಚುತ್ತಿತ್ತು. ಮನಸ್ಸಿಗೆ ನೆಮ್ಮದಿ ಅನ್ನುತ್ತೀಯಲ್ಲ, ಅದರ ಮೂಲ ಅಲ್ಲಿರಬೇಕು. ನಿನ್ನ ಕೆನ್ನೆ ತಟ್ಟಿ, ಅಂಗಾಲು ಕೆರೆದು ಎಬ್ಬಿಸಿ ಕುಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಓಡಿಬಂದು ಸೀಟಿನಲ್ಲಿ ಕೂತು, ಎಷ್ಟು ಹೊಡೆಯಬೇಕಾಯ್ತೇ ಎಂದು ಕೇಳುತ್ತಿದ್ದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಎರಡು ಸಲ ತಟ್ಟಿದೆ ಅಷ್ಟೆ, ಕಿವಿ ಇವತ್ತು ತೂಕಡಿಸ್ತಿತ್ತು" ಅನ್ನುತ್ತಿದ್ದಳು. ದಿನವೂ ಅದೇ ಉತ್ತರ. ಕಿವಿ ದಿನವೂ ತೂಕಡಿಸುತ್ತಿದ್ದರು ಎಂದು ನಾನು ದಿನವೂ ನಂಬಿದೆ. ನಿನಗೆ ಹಾಲು ಬಿಡಿಸಿದ ಮೇಲೂ ಏಳುವುದು ನಿಲ್ಲಲಿಲ್ಲ. ಜ್ವರ ಬಂದಿದೆ ಎಂದು ಅಜ್ಜಿ ಗೇಟಿಗೆ ಬಂದ ದಿನ, ನೀನು ಮೂಗಿಗೆ ಮಣಿ ತುರುಕಿಕೊಂಡ ದಿನ, ನಿನ್ನ ಸ್ಕೂಲಿನವರು ಕರೆಸಿದ ದಿನ, ಎಲ್ಲಕ್ಕೂ ಸ್ವಲ್ಪ ಶಬ್ದ ಕೊಡೇ ಅಂದೆ. ಬಂದು ಕೇಳಿದರೆ ಎರಡು ಸಲ ತಟ್ಟಿದೆ ಅಷ್ಟೆ.

ಎರಡು ಸಲ ತಟ್ಟಿದರೆ ಗುಳಿ ಬೀಳುತ್ತದಾ? ನೀನು ಅಳೆದವಳು, ನೀನೇ ಹೇಳು.

ನಿನ್ನೆ ಮಧ್ಯಾಹ್ನ ಫೋಟೋ ಹಿಡಿದುಕೊಂಡು ಅವಳ ಮನೆಗೆ ಹೋದೆ. ಮಿಷನ್ನು ಕಿವಿಯಲ್ಲಿ ಇರಲಿಲ್ಲ, ಸಕ್ಕರೆ ಡಬ್ಬದ ಹತ್ತಿರ ಹುಡುಕಿ ನಾನೇ ಹಾಕಿದೆ. ಇದು ಯಾರ ಕೆಲಸ ಎಂದು ಕೇಳಿದೆ. ಅವಳು ಕನ್ನಡಕ ಏರಿಸಿ ನೋಡಿ, ಹೊಸದಾಗಿ ಏನೂ ಇಲ್ಲ ಅನ್ನುವ ಹಾಗೆ, ಇನ್ಯಾರದು, ತನ್ನದೇ ಅಂದಳು. ಎರಡು ಸಲ ತಟ್ಟಿದೆ ಅಂತಿದ್ದೆಯಲ್ಲ ಎಂದು ನಾನು ದನಿ ಎತ್ತಿದೆ. ಅವಳು ನನ್ನನ್ನೇ ದಡ್ಡಿ ಅನ್ನುವ ಹಾಗೆ ನೋಡಿದಳು.

"ನಿನ್ ಮಗಳು ಕುಡೀತಾ ಕುಡೀತಾ ನಿದ್ದೆ ಹೋಗೋಳು ಅಂತ ನೀನೇ ಹೇಳ್ತಿದ್ಯಲ್ಲೇ. ಹೊಡೆದೂ ಹೊಡೆದೂ ಕೈ ಸೋತೋಯ್ತು ಅಂತ ನಾನು ಹೇಳಿದ್ರೆ ನೀನು ಮಾರನೇ ದಿನದಿಂದ ಓಡೋಡಿ ಬರ್ತಿದ್ದೆ. ಮಗು ಅರ್ಧ ಹೊಟ್ಟೇಲಿ ಉಳೀತಿತ್ತು."

ಅಷ್ಟು ಹೇಳಿ ಅವಳು ಟೀ ಇಡಲು ಎದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ದಿನಕ್ಕೆರಡು ಸಲ ಜಗಳವಾಡುತ್ತೇವೆ, ಕೊಡೆ ಯಾರದು, ಪೇಪರಿನವನಿಗೆ ಯಾರು ಹೇಳಬೇಕಿತ್ತು, ಎಲ್ಲಕ್ಕೂ. ಇದೊಂದನ್ನು ಮಾತ್ರ ಒಂದು ಜಗಳದಲ್ಲೂ ಎತ್ತಿ ಆಡಲಿಲ್ಲ ಅವಳು. ಎತ್ತಿ ಆಡಿದ್ದರೆ ನಾನು ಎಂದೋ ಸೋತು ಸುಮ್ಮನಾಗುತ್ತಿದ್ದೆ. ಹಾಗೆ ಗೆಲ್ಲುವುದು ಅವಳಿಗೆ ಬೇಕಿರಲಿಲ್ಲವೇನೋ. ಟೀ ಕುಡಿಯುತ್ತ ಅತ್ತುಬಿಟ್ಟೆ. ಟೀ ಅಷ್ಟು ಕೆಟ್ಟದಾಗಿದೆಯಾ ಎಂದು ಅವಳು ಕೇಳಿದಳು, ಅದಕ್ಕೂ ಸಿಟ್ಟು ಬಂತು.

ಇನ್ನೊಂದು ಕೇಳು. ಸ್ಪೇಸ್ ಬಾರಿನ ಸದ್ದೇ ಬೇರೆ, ಉಳಿದ ಕೀಗಳಿಗಿಂತ ದಪ್ಪ, ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ ಎಂದು ನೀನು ನನಗೆ ಒಂದು ಸಂಜೆ ಪೂರ್ತಿ ಪಾಠ ಮಾಡಿದ್ದೆ. ಆಗ ಹೂಂ ಅಂದಿದ್ದೆ. ಅವಳ ಅಡುಗೆಮನೆಯಲ್ಲಿ ಕೂತಾಗ ಅದು ನೆನಪಾಯಿತು. ನಮ್ಮ ಕಿವಿಗೆ, ಅಷ್ಟು ಸೂಕ್ಷ್ಮದ ಮನುಷ್ಯನಿಗೆ, ಒಂದು ಸೀಟಿನಿಂದ ಬರೀ ದಪ್ಪ ಸದ್ದು ಬರುತ್ತಿರುವುದು ಗೊತ್ತಾಗಲಿಲ್ಲವಾ ಎಂದು ಕೇಳಿದೆ. ಗೊತ್ತಿತ್ತಂತೆ. ಒಂದು ದಿನ ಕಚೇರಿಯ ದೊಡ್ಡವರು ಹಾಲ್ ನೋಡಲು ಬಂದಾಗ ಕಿವಿ ಇವಳ ಬೆನ್ನ ಹಿಂದೆ ಬಂದು ನಿಂತು, "ಬರೀ ಸ್ಪೇಸ್ ಹೊಡೀಬೇಡಿ, ಮಧ್ಯೆ ಮಧ್ಯೆ ಬೇರೆ ಕೀನೂ ಹೊಡೀರಿ, ಅವ್ರಿಗೂ ಕಿವಿ ಇದೆ" ಎಂದು ಹೇಳಿ ಗಾಜಿನ ಕೋಣೆಗೆ ಹೋದರಂತೆ. ಇದನ್ನಾದರೂ ನನಗೆ ಹೇಳಬಾರದಿತ್ತಾ? ನಾನು ಆ ಮನುಷ್ಯನಿಗೆ ಅವರ ನಿವೃತ್ತಿಯ ದಿನ ಮುಖ ಕೊಟ್ಟು ಮಾತಾಡಲಿಲ್ಲ. ನನ್ನ ಸುತ್ತ ಇದ್ದವರಿಗೆಲ್ಲ ನನ್ನ ವಿಷಯ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಹಾಗಾಗಿ ನಿನ್ನೊಬ್ಬಳನ್ನೇ ಬೈಯುವ ಹಾಗಿಲ್ಲ, ಅದೂ ನನಗೆ ತಲೆನೋವೇ. ಆ ಕೀಬೋರ್ಡನ್ನು ಅಷ್ಟು ವರ್ಷ ಎದುರಿಗಿಟ್ಟುಕೊಂಡು ನಾನು ನೋಡದ ಗುಳಿಯನ್ನು ನೀನು ನೋಡಿದೆ. ನೋಡದೆ ಹೊಡೆಯುವುದು ಕಲಿತವರ ಕರ್ಮ ಅದು. ಪರದೆ ಬಿಟ್ಟು ಕೆಳಗೆ ಕಣ್ಣು ಹಾಕಬೇಡಿ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು, ನಾನು ಹಾಗೇ ನಡೆದುಕೊಂಡೆ. ನೀನು ಗುಜರಿಗೆ ಹೋಗದಿದ್ದರೆ, ನಿನ್ನ ಹುಚ್ಚು ಇಲ್ಲದಿದ್ದರೆ, ಆ ಬಾರು ಕರಗಿ ಇಷ್ಟು ಹೊತ್ತಿಗೆ ಯಾರದೋ ಬಕೆಟ್ಟಿನ ಹಿಡಿಯಾಗಿರುತ್ತಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದೇ ಸಲ ಒಪ್ಪಿಕೊಳ್ಳುತ್ತೇನೆ, ಮತ್ತೆ ಮತ್ತೆ ಹೇಳಿಸಬೇಡ.

ಆದರೆ ಕಂಡದ್ದನ್ನೆಲ್ಲ ಹುಳುಕು ಅಂದುಕೊಂಡು ತುಂಬಲು ಹೋಗಬೇಡ ಮಗಳೇ. ಹಲ್ಲಿನ ಗುಳಿ ತುಂಬಿದರೆ ನೋವು ಹೋಗುತ್ತದೆ, ಸರಿ. ಇದನ್ನು ತುಂಬಿದರೆ ಅವಳು ಹೋಗುತ್ತಾಳೆ. ಒಮ್ಮೆ ಗಟ್ಟಿಯಾದರೆ ಕೆರೆದು ತೆಗೆಯಲೂ ಬರುವುದಿಲ್ಲ ಎಂದು ನೀನೇ ಹೇಳಿದ್ದೀಯ. ನಮ್ಮ ಸಾಲಿನಲ್ಲಿ ಯಾರು ಏನು ಮಾಡಿದರು ಅನ್ನುವುದಕ್ಕೆ ಬೇರೆ ಗುರುತಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವಳ ಆ ಹೊಡೆತ ಒಂದೂ ಬಿದ್ದಿಲ್ಲ, ಬೀಳಬಾರದು ಎಂದೇ ಸ್ಪೇಸ್ ಹೊಡೆದದ್ದು.

ಬೋರ್ಡನ್ನು ಬದಲಾಯಿಸು. ಏನು ಬರೆಯಬೇಕು ಅನ್ನುವುದನ್ನು ನಾನು ಹೇಳುವುದಿಲ್ಲ, ಹೇಳಿದರೆ ಉದ್ದವಾಯಿತು ಅನ್ನುತ್ತೀಯ. ಎಡ ಹೆಬ್ಬೆರಳು ಅನ್ನುವುದನ್ನು ಹೊಡೆದುಹಾಕು, ಸರಿಪಡಿಸಲಾಗಿದೆ ಅನ್ನುವುದನ್ನು ಹೊಡೆದುಹಾಕು. ಉಳಿದದ್ದು ನಿನ್ನ ವಿವೇಕ.

ಭಾನುವಾರ ಬರುತ್ತೇನೆ. ಎಲ್ಲರೆದುರಿಗೆ ಪ್ರಾಣಿಸಂಗ್ರಹಾಲಯದ ಕರಡಿಯ ಹಾಗೆ ಕೂರುವುದಿಲ್ಲ ಎಂದು ಮೊನ್ನೆ ಹೇಳಿದ್ದೆ, ಆ ಮಾತು ವಾಪಸ್ಸು ತಗೊಂಡೆ. ಆದರೆ ನನ್ನ ಎಡಕ್ಕೆ ಇನ್ನೊಂದು ಕುರ್ಚಿ ಹಾಕಿಸು, ಕೈ ಇಲ್ಲದ ಕುರ್ಚಿ, ಕೈ ಚಾಚಲು ಅಡ್ಡ ಬರಬಾರದು. ನಾನು ಸ್ವಲ್ಪ ಹೊತ್ತು ಟೈಪ್ ಮಾಡುತ್ತೇನೆ. ಆಮೇಲೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ಶಬ್ದ ನಿಲ್ಲುವುದಿಲ್ಲ. ನಿನ್ನ ಹುಚ್ಚಿನ ಬಳಗಕ್ಕೆ ಅದು ಏನೆಂದು ಆಗ ಹೇಳು, ನಿನ್ನ ಬಾಯಲ್ಲೇ ಹೇಳು.

ಈ ಕಾಗದವನ್ನು ಗಡಿಬಿಡಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ಅವಳು ದವಡೆ ಹಲ್ಲು ತೋರಿಸಲು ನಿನ್ನ ಹತ್ತಿರ ಬರುತ್ತಾಳಲ್ಲ, ಇದರಲ್ಲಿ ತನ್ನ ಹಲ್ಲಿನ ವಿವರ ಇದೆ ಎಂದು ನಂಬಿದ್ದಾಳೆ. ನನ್ನನ್ನು ಅಷ್ಟು ವರ್ಷ ನಂಬಿಸಿದವಳು, ಒಂದು ದಿನ ಅವಳೂ ನಂಬಲಿ. ನೀನು ಇದನ್ನು ಓದುತ್ತಿರುವಾಗ ಅವಳು ನಿನ್ನ ಎತ್ತರದ ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ಕಾಯುತ್ತಿರುತ್ತಾಳೆ. ಕಾಯಲಿ ಬಿಡು, ಆ ಬಾಯಿ ಅಷ್ಟು ಹೊತ್ತು ಸುಮ್ಮನಿರುವುದು ಅಪರೂಪ.

ಓದಿ ಮುಗಿಸಿದೆಯಾ? ಹಲ್ಲನ್ನು ಆಮೇಲೆ ನೋಡು. ಮೊದಲು ಅವಳ ಬಲಗೈ ಹಿಡಿದು ಹೆಬ್ಬೆರಳನ್ನು ನೋಡು. ಬುಡದ ಗೆಣ್ಣು ಊದಿ, ಬೆರಳು ಹೊರಕ್ಕೆ ವಾಲಿಕೊಂಡಿದೆ. ಮುಚ್ಚಳ ತೆಗೆಯಲು ಬಾರದ ಕೈ ಅದು. ವಯಸ್ಸಾಯಿತು, ಇನ್ನೇನು ಅನ್ನುತ್ತಾಳೆ. ನಂಬಬೇಡ. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಬಿಚ್ಚಿಟ್ಟಿರುವ ಆ ಸ್ಪೇಸ್ ಬಾರನ್ನು ತಂದು ಅವಳ ಬೆರಳಿನ ಕೆಳಗೆ ಇಟ್ಟು ನೋಡು. ಸವೆದದ್ದು ಬಾರು ಒಂದೇ ಅಲ್ಲ.

ನಿನ್ನ ಕೈ ತಣ್ಣಗಿರಲಿ, ನಿನ್ನ ಪಕ್ಕದ ಸೀಟಿನಲ್ಲಿ ಯಾವಾಗಲೂ ಅವಳಂಥ ಒಬ್ಬಳಿರಲಿ.

ಇಂತಿ,
ಎಡ ಹೆಬ್ಬೆರಳು ಮಡಚದ
ನಿನ್ನ ಅಮ್ಮ